ಒಡೆದ ಬಳೆಗಳ ತೋಟ

ಬಳೆ ಒಡೆಯಿತು ಎಂದು ನಮ್ಮಲ್ಲಿ ಹೇಳುವಂತಿಲ್ಲ. ‘ಬಳೆ ಹೆಚ್ಚಿತು’ ಎನ್ನಬೇಕು. ಬಾಯಿಮಾತಿನಲ್ಲಿ ಎಷ್ಟೇ ಹೆಚ್ಚಲಿ, ಚೂರುಗಳು ಸೇರುವುದು ಮಾತ್ರ ತಿಪ್ಪೆಯನ್ನೇ. ಆ ಚೂರುಗಳಿಗೂ ಒಂದು ಮರ್ಯಾದೆಯ ಜಾಗ ಸಿಕ್ಕಿರುವುದನ್ನು ನಾನು ಕಂಡದ್ದು ಚಂಡೀಗಢದ ರಾಕ್ ಗಾರ್ಡನ್‌ನಲ್ಲಿ.

ನಾವು ನಾಲ್ವರು ಶಿಕ್ಷಕಿಯರು ದಸರಾ ರಜೆಯಲ್ಲಿ ಉತ್ತರ ಭಾರತದ ಪ್ರವಾಸ ಹೋಗಿದ್ದೆವು. “ಹಳೇಬೀಡು ನೋಡಿದ ಕಣ್ಣಿಗೆ ಈ ಕಲ್ಲಿನ ತೋಟದಲ್ಲಿ ಏನಿದ್ದೀತು?” ಎಂದು ನಮ್ಮ ಗಣಿತದ ಮೇಡಂ ಗೊಣಗುತ್ತಲೇ ಟಿಕೆಟ್ ಕೊಂಡರು. ಒಳಗಿನ ಬಾಗಿಲುಗಳು ಬಹಳ ತಗ್ಗು. ಎಂಥ ಬಿಗುಮಾನದವರೂ ತಲೆಬಾಗಿಯೇ ನುಗ್ಗಬೇಕು. ಮೇಡಂ ಕೂಡ ಬಾಗಿದರು!

ಇದನ್ನು ಕಟ್ಟಿದ ನೇಕ್ ಚಂದ್ ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತಿದವರಲ್ಲ. 1924ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿರುವ ಒಂದು ಹಳ್ಳಿಯಲ್ಲಿ ಹುಟ್ಟಿ, 1947ರ ದೇಶವಿಭಜನೆಯಲ್ಲಿ ಊರು ಕಳೆದುಕೊಂಡು ಬಂದವರು. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್ಸ್‌ಪೆಕ್ಟರ್. ಹೊಸ ನಗರ ಕಟ್ಟಲು ಹಳ್ಳಿಗಳನ್ನು ಕೆಡವಿದಾಗ ರಾಶಿ ಬಿದ್ದ ಒಡಕು ಸಾಮಾನು, ನದೀಪಾತ್ರದ ಕಲ್ಲುಗಳನ್ನೆಲ್ಲ ಸೈಕಲ್ಲಿನಲ್ಲಿ ಹೇರಿಕೊಂಡು ಹೋಗಿ, ಸುಖ್ನಾ ಸರೋವರದ ಹತ್ತಿರ ಕಟ್ಟಡ ಕಟ್ಟಬಾರದೆಂದು ಮೀಸಲಿಟ್ಟ ಕಾಡಿನಲ್ಲಿ ಗುಟ್ಟಾಗಿ ಜೋಡಿಸುತ್ತ ಬಂದರು. ಸುಮಾರು ಹದಿನೆಂಟು ವರ್ಷ! ಸರಕಾರದವರಿಗೆ ಗೊತ್ತಾದಾಗ, ಕಾಯಿದೆಯ ಪ್ರಕಾರ ಎಲ್ಲವನ್ನೂ ಕೆಡವಬೇಕಿತ್ತು. ಜನರ ಮೆಚ್ಚುಗೆ ಅದನ್ನು ಉಳಿಸಿತು. 1976ರಲ್ಲಿ ತೋಟ ಎಲ್ಲರಿಗೂ ತೆರೆಯಿತು. ಅವರಿಗೆ ಸಂಬಳ, ಐವತ್ತು ಮಂದಿ ಕೆಲಸಗಾರರು ಸಿಕ್ಕರು. 1984ರಲ್ಲಿ ಪದ್ಮಶ್ರೀ ಬಂತು. 2015ರಲ್ಲಿ ಅವರು ತೀರಿಕೊಂಡರು.

ಪಿಂಗಾಣಿ ಚೂರಿನ ಗೋಡೆ, ಜಲಪಾತ ಎಲ್ಲವೂ ಚೆಂದವೇ. ನನ್ನ ಕಾಲು ನಿಂತದ್ದು ಬಳೆಚೂರಿನ ಹೆಂಗಸರ ಮುಂದೆ. ಸಾಲು ಸಾಲು ಗೊಂಬೆಗಳು. ಹಸಿರು, ಕೆಂಪು, ನೀಲಿ ಗಾಜಿನ ಚೂರುಗಳೇ ಅವುಗಳ ಉಡುಗೆ. ಬಿಸಿಲು ಬಿದ್ದರೆ ಮಿರಮಿರ ಮಿಂಚುತ್ತವೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಪ್ಪ ಹೋದರು. ಹತ್ತನೆಯ ದಿನ ಅಮ್ಮನ ಕೈಯ ಹಸಿರು ಬಳೆಗಳನ್ನು ಕುಟ್ಟಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಯಾರೋ ಚೂರುಗಳನ್ನು ಮೊರಕ್ಕೆ ಬಳಿದು ಹಿತ್ತಿಲಾಚೆ ಸುರಿದರು. ಆಗ ಅಮ್ಮನಿಗೆ ಮೂವತ್ತೆಂಟು. ಮುಂದೆ ಮದುವೆ, ಮುಂಜಿ, ಆರತಿ ಎಲ್ಲದರಲ್ಲೂ ಅವಳ ಜಾಗ ಹಿಂದಿನ ಕೋಣೆ. ಹಾಗೆ ಹಿಂದೆ ಸರಿಸಲ್ಪಟ್ಟವಳೇ ಹೊಲಿಗೆ ಮಿಷನ್ ತುಳಿದು ನಮ್ಮ ಮೂವರನ್ನೂ ಓದಿಸಿದಳು. ನನ್ನ ಬಿ.ಎ., ಬಿ.ಎಡ್. ಅವಳ ಕಾಲಿನ ಸಂಪಾದನೆ. ಆದರೂ ನನ್ನ ಮದುವೆಯಲ್ಲಿ ಧಾರೆಯ ಮಂಟಪದ ಬಳಿ ಅವಳು ಬರಲಿಲ್ಲ. ಬಾ ಎಂದು ಯಾರೂ ಕರೆಯಲೂ ಇಲ್ಲ.

ಆ ಗೊಂಬೆಗಳ ಮುಂದೆ ನನಗೆ ಅನ್ನಿಸಿದ್ದು ಇಷ್ಟೆ: ಒಡೆದದ್ದು ಗಾಜು. ತಿಪ್ಪೆಗೆ ಎಸೆದದ್ದು ನಾವು. ಎತ್ತಿಕೊಳ್ಳುವ ಕೈಯೊಂದಿದ್ದರೆ ಅದೇ ಚೂರು ಮುಂದಿನ ಸಾಲಿನಲ್ಲಿ ನಿಲ್ಲುತ್ತದೆ.

ಪಕ್ಕದ ಹೈಕೋರ್ಟಿನ ರಸ್ತೆ, ವಾಹನ ನಿಲುಗಡೆಗಾಗಿ 2025ರಲ್ಲಿ ತೋಟದ ಗೋಡೆಯ ಒಂದು ಭಾಗವನ್ನು ಕೆಡವಿದರೆಂದು ಪತ್ರಿಕೆಯಲ್ಲಿ ಓದಿ ಸಂಕಟವಾಯಿತು. ಉಳಿಸಿಕೊಂಡದ್ದನ್ನು ಮತ್ತೆ ಮತ್ತೆ ಕಾಯುತ್ತಲೇ ಇರಬೇಕು, ನೋಡಿ.

ಈಚೆಗೆ ನಮ್ಮ ಬಂಧುಗಳಲ್ಲಿ ಒಬ್ಬ ಹುಡುಗಿಯ ಗಂಡ ಅಪಘಾತದಲ್ಲಿ ತೀರಿಕೊಂಡ. ಹತ್ತನೆಯ ದಿನ ಹಿರಿಯ ಹೆಂಗಸರು ಅವಳ ಕೈ ಹಿಡಿದಾಗ ನಾನು ಎದ್ದು ಹೋಗಿ ಪಕ್ಕದಲ್ಲಿ ಕುಳಿತೆ. “ಬಳೆ ಇರಲಿ ಬಿಡಿ. ಮದುವೆಗೆ ಮುಂಚೆಯೂ ತೊಡುತ್ತಿದ್ದಳಲ್ಲ” ಎಂದೆ. ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. ಆಮೇಲೆ ಅವಳ ಅತ್ತೆಯೇ “ಇರಲಿ” ಎಂದರು.

ಮುಂದಿನ ಸೋಮವಾರ ಅವಳು ಅವೇ ಬಳೆ ತೊಟ್ಟು ಕೆಲಸಕ್ಕೆ ಹೋದಳು.