ನಿನ್ನೆ ಹೀಗಿರಲಿಲ್ಲ (ಭಾಗ 4)

"ಥೀಸಿಸ್ ಮುದುಕರ ಮೇಲೆ ಯಾಕೋ, ಹಾರ್ಟ್ ತಗೋಬೇಕಿತ್ತು" ಅಂತ ನಮ್ಮ ಬ್ಯಾಚಿನವರು ಕೇಳ್ತಾನೇ ಇದ್ದೀರಿ. ಇವತ್ತು ಹೇಳ್ತೀನಿ.

ನಾನಿನ್ನೂ ಪಿಯುಸಿಯಲ್ಲಿದ್ದೆ. ಕೊಂಕಲ್‌ನ ನಮ್ಮ ಅಂಗಳದಾಗ ಆಯಿ ತೊಗರಿ ಹಸನು ಮಾಡ್ತಾ ಕೂತು, ಕೂಲಿ ಲೆಕ್ಕದಲ್ಲಿ ಅಪ್ಪನ ತಪ್ಪು ಹಿಡಿದಿದ್ದಳು. ಮರುದಿನ ಸಂಜೆ ನನ್ನನ್ನು ತನ್ನ ಸತ್ತುಹೋದ ತಮ್ಮನ ಹೆಸರಿನಿಂದ ಕರೆದಳು. ಊಟ ಬೇಡ ಅಂದಳು, ಗೋಡೆ ಕಡೆ ನೋಡಿ ಮಾತಾಡಿದಳು. ಓಣಿಯವರೆಲ್ಲ ಹೇಳಿದ್ದು ಒಂದೇ: ಅರಳು ಮರಳು.

ಆಸ್ಪತ್ರೆಯಲ್ಲಿ (ಹೆಸರು ಬೇಡ ಬಿಡಿ) ಕೇಳಿದರು, ಹುಟ್ಟಿದ ದಿನಾಂಕ ಏನು? ಇದು ಯಾವ ಇಸವಿ? ಆಯಿ ಸುಮ್ಮನಿದ್ದಳು. "ವಯಸ್ಸಾಗ್ಯಾದ, ಮನೀಗೆ ಕರ್ಕೊಂಡು ಹೋಗ್ರಿ." ಮೂರನೇ ದಿನ ಬೇರೆ ಕಡೆ ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು ಸಿಕ್ಕಿತು. ಆ್ಯಂಟಿಬಯಾಟಿಕ್ ಶುರುವಾಗಿ ಒಂದು ವಾರಕ್ಕೆ ಆಯಿ ಬೈದಳು, "ತೊಗರಿ ಯಾರು ಹಸನು ಮಾಡ್ಯಾರ? ಬರೇ ಕಲ್ಲು!"

ಅದು ಡೆಲಿರಿಯಮ್. ನಮ್ಮ ಹಳಬರು ಸನ್ನಿ ಅಂತಿದ್ದರಲ್ಲ, ಅದೇ. ಸೋಂಕು, ನೀರಿನ ಕೊರತೆ, ಸೊಂಟದ ಮೂಳೆ ಮುರಿತ, ಕೆಲವು ಮಾತ್ರೆ, ಯಾವುದರಿಂದಲೂ ಬರಬಹುದು. ಕೂಗಾಡುವವರನ್ನಾದರೂ ಗಮನಿಸ್ತಾರೆ, ಸುಮ್ಮನೆ ಮಂಕಾಗಿ ಮಲಗಿದವರನ್ನು ಯಾರೂ ನೋಡಲ್ಲ.

ಇದನ್ನು ಹಿಡಿಯೋಕೆ 4ಎಟಿ ಅನ್ನೋ ಎರಡು ನಿಮಿಷದ ಪರೀಕ್ಷೆ ಇದೆ. ವಯಸ್ಸು, ಹುಟ್ಟಿದ ದಿನಾಂಕ, ಈಗಿರುವ ಜಾಗ, ಇಸವಿ ಕೇಳ್ತಾರೆ. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಿಸ್ತಾರೆ. ಆಯಿಯ ಆಧಾರ್‌ನಲ್ಲಿ ಹುಟ್ಟಿದ್ದು ಜನವರಿ 1. ಅವಳ ಲೆಕ್ಕದಲ್ಲಿ "ರಜಾಕಾರರ ಗದ್ದಲದಾಗ ನಾ ತೊಟ್ಟಿಲದಾಗಿದ್ದೆ", ಅಂದರೆ 1948ರ ಆಸುಪಾಸು. ಡಿಸೆಂಬರ್ ಗೊತ್ತಿಲ್ಲ. ಆದರೆ ಎಳ್ಳ ಅಮಾಸಿಯಿಂದ ಹಿಂದಕ್ಕೆ ದೀಪಾವಳಿ, ದಸರಾ, ಪಂಚಮಿ, ಕಾರಹುಣ್ಣಿಮಿ ಪಟಪಟ ಹೇಳ್ತಾಳೆ! ಪ್ರಶ್ನೆಯನ್ನು ಕನ್ನಡಕ್ಕೆ ತಂದರಷ್ಟೇ ಸಾಲದು, ಕೊಂಕಲ್‌ಗೂ ತರಬೇಕು. ಓದು ಬಾರದ ಹಿರಿಯರಿಗಾಗಿ ಹರಿಯಾಣದ ಬಲ್ಲಭಗಢದಲ್ಲಿ ಇಂಥ ಕೆಲಸ ಆಗಿದೆ, ಆ ಹಿಂದಿ ಪರೀಕ್ಷೆ ಪ್ರಕಟವಾಗಿದ್ದು 1995ರಲ್ಲಿ. ನನ್ನ ಥೀಸಿಸ್ ಅದೇ ದಾರಿಯ ಒಂದು ಸಣ್ಣ ತುಂಡು.

ಇನ್ನೊಂದು ವಿಷಯ ನನಗೆ ಎಂ.ಡಿ.ಗೆ ಬಂದಮೇಲೆ ಗೊತ್ತಾಯ್ತು. 4ಎಟಿಯಲ್ಲಿ ಒಟ್ಟು 4 ಅಂಕ ಬಂದರೇ ಡೆಲಿರಿಯಮ್ ಇರಬಹುದು ಅಂತ ಅರ್ಥ. "ಈ ಬದಲಾವಣೆ ಇದ್ದಕ್ಕಿದ್ದಂತೆ ಆಯ್ತಾ?" ಅನ್ನೋ ಕೊನೆಯ ಪ್ರಶ್ನೆಗೆ ಒಂದಕ್ಕೇ 4 ಅಂಕ. ಅದಕ್ಕೆ ಉತ್ತರ ಗೊತ್ತಿದ್ದವನು ನಾನು, ಪಕ್ಕದಲ್ಲೇ ನಿಂತಿದ್ದೆ. ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಡಾಕ್ಟರ್ ಮುಂದೆ ಹುಡುಗ ಏನು ಮಾತಾಡೋದು ಅಂತ.

ಈಗ ನನ್ನ ಫಾರ್ಮಿನ ಮೊದಲ ಪ್ರಶ್ನೆ ಜೊತೆಗೆ ಬಂದವರಿಗೆ: ನಿನ್ನೆ ಏನು ಮಾಡ್ತಿದ್ರು? ಹೋದ ವಾರ ರಾತ್ರಿ ಒಬ್ಬ ಅಣ್ಣ ತನ್ನ ಅವ್ವನನ್ನು ಎತ್ಕೊಂಡೇ ಬಂದ. ಕೇಳಿದೆ.

"ನಿನ್ನೆ ರೊಟ್ಟಿ ಬಡದಾಳ್ರಿ ಸರ್. ಹತ್ತು ರೊಟ್ಟಿ."

ಹಾಗೇ ಬರ್ಕೊಂಡೆ.