ವ್ಯಾಸರ ಕರಾರು

ಡೊಂಬಿವಲಿಯಿಂದ ಕುರ್ಲಾಕ್ಕೆ ಹೋಗುವ ಬೆಳಗಿನ ಲೋಕಲ್ ರೈಲಿನಲ್ಲಿ ಕಾಗದ ಲೇಖನಿಗಳಿಗೆ ಆಸ್ಪದವಿಲ್ಲ. ಒಂದು ಕೈ ಮೇಲಿನ ಹಿಡಿಕೆಗೆ ಮೀಸಲು. ಇನ್ನೊಂದು ಎದೆಗವಚಿದ ಚೀಲಕ್ಕೆ. ಮುಂಬಯಿಯಲ್ಲಿ ಬಹುಕಾಲದಿಂದ ಕನ್ನಡ ಬೋಧಿಸುತ್ತಿರುವ ಅಧ್ಯಾಪಕರೊಬ್ಬರಿಗೆ ಹೊಳಹುಗಳು ಹುಟ್ಟುವುದು ಮಾತ್ರ ಈ ನೂಕುನುಗ್ಗಲಿನಲ್ಲಿಯೇ. ಮನೆಯ ಮೇಜಿನ ಮುಂದೆ ಗಂಟೆಗಟ್ಟಲೆ ಕಾದರೂ ಬಾರದ ವಿಚಾರ, ಕಳವಾ ನಿಲ್ದಾಣದಲ್ಲಿ ಯಾರದೋ ಮೊಣಕೈ ಪಕ್ಕೆಗೆ ತಾಗಿದ ಕ್ಷಣದಲ್ಲಿ ಮಿಂಚಿಬಿಡುತ್ತದೆ. ಇಳಿದು ಬಸ್ಸು ಹಿಡಿಯುವಷ್ಟರಲ್ಲಿ ಮರೆಯಾಗಿರುತ್ತದೆ.

ಹೀಗೆ ಮರೆಯಾದವುಗಳಲ್ಲಿ ಒಂದರ ನೋವು ಅವರನ್ನು ಬಿಟ್ಟಿಲ್ಲ. 1990ರ ದಶಕದಲ್ಲಿ, ರನ್ನನ ‘ಗದಾಯುದ್ಧ’ವನ್ನು ಕುರಿತು ಅವರು ಮಹಾಪ್ರಬಂಧ ಸಿದ್ಧಪಡಿಸುತ್ತಿದ್ದ ಕಾಲ. ರನ್ನನು ಭಾರತದ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ ಹೇಳುತ್ತಾನೆಂಬುದು ವಿದ್ಯಾರ್ಥಿಗಳೆಲ್ಲ ಬಲ್ಲ ಸಂಗತಿ. ಕವಿಯ ಈ ಹಿನ್ನೋಟವನ್ನೂ ಹೆಣಗಳ ನಡುವಣ ದುರ್ಯೋಧನನ ನಡಿಗೆಯನ್ನೂ ಬೆಸೆಯುವ ಎಳೆಯೊಂದು ಆ ದಿನ ರೈಲಿನಲ್ಲಿ ನಿಚ್ಚಳವಾಗಿ ಕಂಡಿತು. ವಿಭಾಗವನ್ನು ತಲುಪಿ ಕಾಗದ ತೆಗೆದಾಗ ಎಳೆಯ ಎರಡು ತುದಿಗಳು ಮಾತ್ರ ಕೈಯಲ್ಲಿದ್ದವು. ನಡುವಣ ನೂಲು ಇರಲಿಲ್ಲ. ಅಧ್ಯಾಯ ಅದಿಲ್ಲದೆಯೇ ಸಲ್ಲಿಕೆಯಾಯಿತು, ಪದವಿಯೂ ಬಂತು. ಪರೀಕ್ಷಕರಿಗೆ ಕಾಣದ ಆ ತೆರವು ಬರೆದವರಿಗೆ ಮಾತ್ರ ಕಾಣುತ್ತಲೇ ಉಳಿಯಿತು.

ಎಷ್ಟೋ ವರ್ಷಗಳ ನಂತರ ಮಗಳು ಅವರ ಮೊಬೈಲ್ ಫೋನಿನಲ್ಲಿ ಧ್ವನಿಮುದ್ರಣದ ಗುಂಡಿಯನ್ನು ತೋರಿಸಿ, “ಅಪ್ಪಾ, ಬರೆಯಲು ಆಗದಿದ್ದರೆ ಇದಕ್ಕೆ ಹೇಳಿಬಿಡಿ” ಎಂದಳು. ಈ ಉಪಾಯ ಹೊಸದೇನಲ್ಲ. 1877ರಲ್ಲಿ ಫೋನೋಗ್ರಾಫನ್ನು ಕಂಡುಹಿಡಿದ ಎಡಿಸನ್, ಮರುವರ್ಷದ ಲೇಖನವೊಂದರಲ್ಲಿ ಅದರ ಉಪಯೋಗಗಳನ್ನು ಪಟ್ಟಿಮಾಡಿದಾಗ ಮೊದಲ ಸ್ಥಾನವನ್ನು ಸಂಗೀತಕ್ಕೆ ಕೊಡಲಿಲ್ಲ; ಶೀಘ್ರಲಿಪಿಕಾರನ ನೆರವಿಲ್ಲದೆ ಪತ್ರಗಳನ್ನು ಹೇಳಿ ಬರೆಯಿಸುವುದಕ್ಕೆ ಕೊಟ್ಟನು. 1963ರಲ್ಲಿ ಫಿಲಿಪ್ಸ್ ಸಂಸ್ಥೆಯ ಕ್ಯಾಸೆಟ್ಟು ಬಂದು ಮಾತು ಅಂಗೈಯಷ್ಟು ಅಗಲದ ಪೆಟ್ಟಿಗೆಯಲ್ಲಿ ಕುಳಿತಿತು. ಇಂದಿನ ಫೋನುಗಳಾದರೋ ಕನ್ನಡದ ಮಾತನ್ನು ಕೇಳಿ ಅಕ್ಷರಕ್ಕೂ ಇಳಿಸಬಲ್ಲವು. ರೈಲಿನ ಗದ್ದಲದಲ್ಲಿ ರನ್ನನು ಚಿನ್ನನಾಗುವುದೂ ಉಂಟು, ಅದು ಬೇರೆ ಮಾತು.

ಅಧ್ಯಾಪಕರು ಉತ್ಸಾಹದಿಂದ ಹೇಳತೊಡಗಿದರು. ಸುತ್ತಲಿನವರು ಅವರು ಯಾರೊಡನೆಯೋ ಫೋನಿನಲ್ಲಿ ಮಾತನಾಡುತ್ತಿರುವರೆಂದೇ ಭಾವಿಸಿದರು. ಕನ್ನಡ ತಿಳಿಯದವರ ನಡುವೆ ಅಂಜಿಕೆಗೂ ಕಾರಣವಿರಲಿಲ್ಲ. ಆದರೆ ರಜೆಯಲ್ಲಿ ಕುಳಿತು ಅವೆಲ್ಲವನ್ನೂ ಕೇಳಿದಾಗ ನಿರಾಶೆ ಕಾದಿತ್ತು. ಚಕ್ರಗಳ ಸದ್ದು, ಮೂರು ಭಾಷೆಗಳಲ್ಲಿ ಮುಂದಿನ ನಿಲ್ದಾಣದ ಘೋಷಣೆ, ನಡುವೆ ಅವರದೇ ಆವೇಶದ ದನಿ: “ಇದು ಬಹಳ ಮುಖ್ಯ. ಇದನ್ನು ಅದರೊಡನೆ ಹೋಲಿಸಬೇಕು.” ಯಾವುದು ಇದು? ಯಾವುದು ಅದು? ಸರ್ವನಾಮಗಳೆಲ್ಲ ಭದ್ರವಾಗಿದ್ದವು, ನಾಮಪದಗಳು ರೈಲಿನಲ್ಲಿಯೇ ಉಳಿದುಹೋಗಿದ್ದವು. ಹಿಂದೆ ಹೊಳಹೊಂದು ಬಂದರೆ ಕುರ್ಲಾದವರೆಗೆ ಮನಸ್ಸಿನಲ್ಲಿ ಜಪಿಸುತ್ತ ಬರುತ್ತಿದ್ದರು. ಯಂತ್ರ ಬಂದ ಮೇಲೆ ಗುಂಡಿ ಒತ್ತಿದ ಕೂಡಲೇ ಮನಸ್ಸು ಕೈತೊಳೆದುಕೊಳ್ಳುತ್ತಿತ್ತು.

ಆಗ ಅವರಿಗೆ ನೆನಪಾದುದು ವ್ಯಾಸ ಗಣಪತಿಯರ ಕಥೆ. ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಸಂಶೋಧಿತ ಆವೃತ್ತಿಯು ಈ ಪ್ರಸಂಗವನ್ನು ಮೂಲಪಾಠದಿಂದ ಹೊರಗಿರಿಸಿದೆ. ಪಾಠವಿಮರ್ಶೆಯ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಹೇಳುವವನಿಗೂ ಬರೆದುಕೊಳ್ಳುವವನಿಗೂ ಇರುವ ಸಂಬಂಧವನ್ನು ಅದಕ್ಕಿಂತ ಚೆನ್ನಾಗಿ ತಿಳಿಸುವ ಕಥೆ ದುರ್ಲಭ. ಲೇಖನಿ ಎಲ್ಲಿಯೂ ನಿಲ್ಲಬಾರದೆಂಬುದು ಗಣಪತಿಯ ಕರಾರು; ಅರ್ಥ ತಿಳಿಯದೆ ಒಂದಕ್ಷರವನ್ನೂ ಬರೆಯಬಾರದೆಂಬುದು ವ್ಯಾಸರ ಮರುಕರಾರು. ಧ್ವನಿಮುದ್ರಣಯಂತ್ರವು ಮೊದಲನೆಯ ಕರಾರನ್ನು ಗಣಪತಿಯಂತೆಯೇ ಪಾಲಿಸುತ್ತದೆ. ಎರಡನೆಯದು ಅದಕ್ಕೆ ಸಂಬಂಧಿಸಿದ್ದಲ್ಲ. ಅರ್ಥವನ್ನು ಕೇಳದ ಲಿಪಿಕಾರ ದೊರೆತಾಗ ಆ ಹೊಣೆ ಹೇಳುವವನ ಮೇಲೆಯೇ ಬೀಳುತ್ತದೆ.

ಅಂದಿನಿಂದ ಅವರು ಒಂದು ಕಟ್ಟುಪಾಡನ್ನು ಮಾಡಿಕೊಂಡರು. ಹೇಳುವಾಗ ಕೃತಿಯ ಹೆಸರು, ಸಂದರ್ಭ, ಪೂರ್ಣ ವಾಕ್ಯ. ಅದೇ ರಾತ್ರಿ ಕೇಳಿ ಕೈಯಿಂದ ನೋಟುಪುಸ್ತಕಕ್ಕೆ ಇಳಿಸುವುದು. ಇಳಿಸಲಾಗದ್ದನ್ನು ನಿರ್ದಾಕ್ಷಿಣ್ಯವಾಗಿ ಅಳಿಸುವುದು. ಹತ್ತರಲ್ಲಿ ಎಂಟು ಅಳಿಯುತ್ತವೆ. ಉಳಿದ ಎರಡಕ್ಕಾಗಿ ಈ ಪಾಡು.

ಒಂದು ಮುದ್ರಿಕೆಯನ್ನು ಮಾತ್ರ ಅವರು ಬರೆದುಕೊಂಡ ಮೇಲೂ ಅಳಿಸಿಲ್ಲ. ಅದರಲ್ಲಿ ಗದಾಯುದ್ಧದ ಮಾತು ಅರ್ಧಕ್ಕೆ ಬಂದಾಗ ಬೇರೊಂದು ದನಿ ಸೇರಿಕೊಳ್ಳುತ್ತದೆ: “ಸರ್, ನೀವು ಕನ್ನಡದವರಾ? ನಿಮ್ಮದು ಊರು ಯಾವುದು?” ಹೋಟೆಲೊಂದರಲ್ಲಿ ಕೆಲಸಮಾಡುವ ಉಡುಪಿಯ ಕಡೆಯ ಹುಡುಗ. ತುಸು ಹೊತ್ತಿನ ಬಳಿಕ ಅವನದೇ ಪ್ರಶ್ನೆ: “ಅವ ಸತ್ತವರನ್ನು ನೋಡ್ಲಿಕ್ಕೆ ಯಾಕೆ ಹೋದದ್ದು ಸರ್?” ಒಂದು ಕ್ಷಣ ರೈಲಿನ ಸದ್ದು ಮಾತ್ರ ಕೇಳುತ್ತದೆ. ಅನಂತರ ಅಧ್ಯಾಪಕರು ನಿಧಾನವಾಗಿ ಹೇಳುತ್ತಾರೆ: “ನೋಡಲು ಹೋದದ್ದಲ್ಲಪ್ಪ. ಅವನು ಹೊರಟದ್ದು ಭೀಷ್ಮರನ್ನು ಕಾಣಲು. ದಾರಿಯ ತುಂಬ ಅವನವರೇ ಬಿದ್ದಿದ್ದರು. ಅವರನ್ನೆಲ್ಲ ನೋಡದೆ ಮುಂದಕ್ಕೆ ಹೋಗುವ ದಾರಿ ಅವನಿಗಿರಲಿಲ್ಲ. ಕಥೆ ಹೇಳುವ ಕವಿಗೂ ಇರಲಿಲ್ಲ.”

ಎಷ್ಟೋ ವರ್ಷಗಳ ಹಿಂದೆ ಕಳೆದುಹೋದ ನೂಲು ಇದೇ ಎಂದು ಅವರು ಖಚಿತವಾಗಿ ಹೇಳಲಾರರು. ಎರಡು ತುದಿಗಳನ್ನು ಅದು ಸೇರಿಸುತ್ತದೆಂಬುದು ನಿಜ. ಮಾತನ್ನು ಹಿಡಿದಿಟ್ಟದ್ದು ಯಂತ್ರವೇ. ಆದರೆ ಅರ್ಥವಾಗದೆ ಮುಂದೆ ಸಾಗಗೊಡದಿದ್ದವನು ಘಾಟಕೋಪರದಲ್ಲಿ ಇಳಿದುಹೋದ ಆ ಹುಡುಗ.