ಬೀಗರಿಗೆ ವೈನು

ಮದುವೆಯ ಸಾಮಾನಿನ ಪಟ್ಟಿಯನ್ನು ಬರೆಯುವುದರಲ್ಲಿ ನಮ್ಮ ಬಂಧುವರ್ಗದೊಳಗೆ ನನಗೆ ಸ್ವಲ್ಪ ಹೆಸರುಂಟು. ಅಕ್ಕಿ, ತೊಗರಿಬೇಳೆ, ಬೆಲ್ಲ, ತುಪ್ಪ, ಬಾಳೆಯೆಲೆ, ವೀಳ್ಯದೆಲೆ, ತೆಂಗಿನಕಾಯಿ ಇವುಗಳನ್ನು ಬರುವ ಜನಕ್ಕೆ ತಕ್ಕಂತೆ, ಮಿಕ್ಕುವಂತೆಯೂ ಆಗದೆ ಸಾಲದಂತೆಯೂ ಆಗದೆ, ಲೆಕ್ಕಹಾಕಬಲ್ಲೆನೆಂದು ಹಿರಿಯರು ಹೇಳುತ್ತಿದ್ದರು. ಮೂವತ್ತನಾಲ್ಕು ವರ್ಷ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟು ನಿವೃತ್ತನಾದ ಮೇಲೆ ಈ ಪಟ್ಟಿ ಬರೆಯುವ ಕೆಲಸವೇ ನನಗೆ ಉಳಿದ ಉದ್ಯೋಗವೆಂದರೂ ಸಲ್ಲುವುದು. ಅಂಥ ಪಟ್ಟಿಯೊಂದರಲ್ಲಿ, ಅದೂ ನನ್ನ ಮಗಳ ಮದುವೆಯ ಪಟ್ಟಿಯಲ್ಲಿ, 'ವೈನು, ೨೮ ಸೀಸೆ' ಎಂಬ ಸಾಲನ್ನು ನಾನೇ ಬರೆಯುವ ಸಂದರ್ಭವೊದಗಿತು. ಹುಟ್ಟಿದಂದಿನಿಂದ ಆ ಪದಾರ್ಥದ ಒಂದು ಹನಿಯೂ ನನ್ನ ನಾಲಗೆಗೆ ಸೋಕಿಲ್ಲ. ಇನ್ನು ಸೋಕಿಸುವ ಇಚ್ಛೆಯೂ ಇಲ್ಲ. ತಾನು ಅರಿಯದ ವಸ್ತುವನ್ನು, ಹೆಚ್ಚು ಹಣ ಚೆಲ್ಲದೆ, ಅರಿತವರ ಎದುರಿಗೆ ನಾಚಿಕೆಪಡದಂತೆ ಕೊಳ್ಳುವುದು ಹೇಗೆಂಬುದು ಇತರ ಗೃಹಸ್ಥರಿಗೂ ಉಪಯೋಗಕ್ಕೆ ಬರಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅಳಿಯ ಮಂಗಳೂರಿನ ಕಥೋಲಿಕ ಮನೆತನದವನು. ಅವನ ತಂದೆ ತಾಯಿ ಬಹುಕಾಲದಿಂದ ರವೀಂದ್ರನಾಥ ಟಾಗೋರ್ ನಗರದಲ್ಲಿಯೂ ನಾವು ಯಲಹಂಕದ ಹಳೆಯ ಊರಿನಲ್ಲಿಯೂ ಇರುವವರು. ೧೯೫೪ರ ವಿಶೇಷ ವಿವಾಹ ಕಾಯಿದೆಯ ಮೇರೆಗೆ ಮೂವತ್ತು ದಿನಗಳ ನೋಟೀಸು ಕಳೆದು ವಿವಾಹವು ದಾಖಲಾಯಿತು. ಅಂದು ಮಧ್ಯಾಹ್ನ ಯಲಹಂಕದ ಛತ್ರದಲ್ಲಿ ಎಲೆಯ ಊಟ, ಸಂಜೆ ಹೆಬ್ಬಾಳದ ಸಮೀಪದ ಸಭಾಂಗಣವೊಂದರಲ್ಲಿ ಆರತಕ್ಷತೆ ಎಂದು ಗೊತ್ತುಮಾಡಿದೆವು. ಬೀಗರು ಸಜ್ಜನರು, ಅವರಾಗಿ ಕೇಳಿದ್ದು ಎರಡೇ ಸಂಗತಿ. ಹಿಂದಿನ ದಿನ ತಮ್ಮ ಮನೆಯಲ್ಲಿ ಮದುವಣಿಗನಿಗೆ ತೆಂಗಿನ ಹಾಲನ್ನು ಹಚ್ಚಿ ಮೀಯಿಸುವ 'ರೋಸ್' ಎಂಬ ಶಾಸ್ತ್ರಕ್ಕೆ ನಾವು ಬರಬೇಕು, ಇದೊಂದು. ನಮ್ಮ ಎಣ್ಣೆಶಾಸ್ತ್ರದ ಅಕ್ಕನೋ ತಂಗಿಯೋ ಆಗಿರುವ ಆ ಕಾರ್ಯವನ್ನು ಕಂಡು ನನ್ನ ಮನೆಯವರು ಬಹಳ ಸಂತೋಷಪಟ್ಟರು. ಇನ್ನೊಂದು, ಆರತಕ್ಷತೆಯಲ್ಲಿ ಹಿರಿಯರೊಬ್ಬರು ನಾಲ್ಕು ಮಾತಾಡಿ, ನೆರೆದವರೆಲ್ಲರೂ ವೈನಿನ ಲೋಟವನ್ನೆತ್ತಿ ವಧೂವರರಿಗೆ ಶುಭ ಕೋರುವ ಪದ್ಧತಿ.

"ನಿಮಗೆ ಸಂಕೋಚವಾದರೆ ಹಣ್ಣಿನ ರಸದಲ್ಲಿಯೇ ಮಾಡೋಣ ಮೇಷ್ಟ್ರೇ. ಇಲ್ಲವೇ ಅದೊಂದನ್ನು ನಾವೇ ತಂದುಕೊಳ್ಳುತ್ತೇವೆ" ಎಂದರು ಬೀಗರು.

ಅವರು ಹಟಹಿಡಿದು ಕೇಳಿದ್ದರೆ ಒಲ್ಲೆನೆನ್ನುವುದು ಸುಲಭವಾಗುತ್ತಿತ್ತು. ಆ ಸೌಜನ್ಯವೇ ನನ್ನನ್ನು ಕಟ್ಟಿಹಾಕಿತು. ಸಂಜೆಯ ಕೂಟಕ್ಕೆ ಕರೆಯುವವನು ನಾನು. ಅತಿಥಿಯು ತನ್ನ ಪಾತ್ರೆಯನ್ನು ತಾನೇ ಹೊತ್ತು ತರುವ ಮನೆ ನಮ್ಮದಲ್ಲ. "ಕರೆಯುವವರು ನಾವು, ತರುವವರೂ ನಾವೇ" ಎಂದುಬಿಟ್ಟೆನು.

ಮಾತು ಕೊಟ್ಟ ಮರುದಿನವೇ ತುಮಕೂರಿನಲ್ಲಿರುವ ನಮ್ಮ ಅಣ್ಣಯ್ಯನಿಗೆ ಸುದ್ದಿ ಮುಟ್ಟಿತು. ಅಣ್ಣಯ್ಯ ನನಗಿಂತ ಹನ್ನೊಂದು ವರ್ಷ ಹಿರಿಯ; ತಂದೆ ಹೋದ ಮೇಲೆ ನನ್ನನ್ನು ಓದಿಸಿದವನು; ಧರ್ಮಶಾಸ್ತ್ರದಲ್ಲಿ ನನಗಿಂತ ಗಟ್ಟಿ. ಮಗಳು ಬೇರೆ ಮತಕ್ಕೆ ಸೇರಿದವನನ್ನು ಒಪ್ಪಿದ್ದನ್ನು ಅವನು ಹೇಗೋ ನುಂಗಿಕೊಂಡಿದ್ದನು. ಇದನ್ನು ನುಂಗಲಾರದೆ ಹೋದನು. ಸುರಾಪಾನವನ್ನು ಮನುವು ಮಹಾಪಾತಕಗಳಲ್ಲಿ ಎಣಿಸಿರುವನೆಂಬುದನ್ನು ನನಗೆ ಹೊಸದಾಗಿ ಹೇಳಬೇಕಾಗಿರಲಿಲ್ಲ. ಬೆಲ್ಲದಿಂದ, ಹಿಟ್ಟಿನಿಂದ, ಮಧುವಿನಿಂದ ಆದ ಮೂರು ಬಗೆಯ ಸುರೆಯಲ್ಲಿ ಯಾವುದು ಮುಖ್ಯ, ಯಾವುದು ಗೌಣ ಎಂದು ವ್ಯಾಖ್ಯಾನಕಾರರು ಮಾಡಿದ ಚರ್ಚೆಯನ್ನು ನಾನು ಎತ್ತಿದೆನು. "ನಿಷೇಧವಿರುವುದು ಕುಡಿಯುವುದಕ್ಕೆ ಅಣ್ಣಯ್ಯ, ನಾನು ಕುಡಿಯುವುದಿಲ್ಲ. ಅವರ ಮನೆತನದಲ್ಲಿ ನಿಷೇಧವೇ ಇಲ್ಲ" ಎಂದೆನು. "ಬಡಿಸುವ ಕೈ ಯಾರದು?" ಎಂದು ಕೇಳಿದನು. ಅದಕ್ಕೆ ನಾನು ಉತ್ತರ ಹೇಳಲಿಲ್ಲ. "ಮಧ್ಯಾಹ್ನದ ಊಟಕ್ಕೆ ಬರುತ್ತೇನೆ, ಸಂಜೆ ನನ್ನನ್ನು ಕಾಯಬೇಡ" ಎಂದನು.

ಅಂದು ರಾತ್ರಿ ನಿದ್ರೆ ಬರಲಿಲ್ಲ. ಎದ್ದು ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆಗೆದುಕೊಂಡು ಕುಳಿತೆನು. ಲೋಕವೇ ಮರೆತಿದ್ದ ಈ ಗ್ರಂಥದ ಓಲೆಪ್ರತಿಯು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು ೧೯೦೯ರಲ್ಲಿ ಅಚ್ಚಾದುದು ಕನ್ನಡಿಗರೆಲ್ಲರೂ ಬಲ್ಲ ವಿಷಯ. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವೊಂದಿದೆ. ದ್ರಾಕ್ಷಿಯ ರಸದಿಂದಾದುದಕ್ಕೆ ಅಲ್ಲಿ 'ಮಧು' ಎಂದು ಹೆಸರು. ಹುಟ್ಟಿದ ದೇಶದಿಂದಲೇ ಅದನ್ನು ಗುರುತಿಸತಕ್ಕದ್ದೆಂದು ಹೇಳಿ 'ಕಾಪಿಶಾಯನ', 'ಹಾರಹೂರಕ' ಎಂಬ ಎರಡು ಬಗೆಯನ್ನು ಕೊಟ್ಟಿದೆ. ಕಾಪಿಶೀ ಎಂಬುದು ಈಗಿನ ಆಫ್ಘಾನಿಸ್ತಾನದಲ್ಲಿ ಕಾಬೂಲಿನ ಉತ್ತರಕ್ಕಿದ್ದ ಪಟ್ಟಣ. ಪಾಣಿನಿಯ ಸೂತ್ರವೊಂದು ಆ ಹೆಸರಿನಿಂದಲೇ ಈ ಶಬ್ದವನ್ನು ಸಾಧಿಸಿಕೊಡುತ್ತದೆ. ಬಾಲ್ಯದಲ್ಲಿ ಆ ಸೂತ್ರವನ್ನು ಬಾಯಿಪಾಠ ಮಾಡಿದ್ದೆನು. ಅದು ಒಂದು ದಿನ ನನ್ನ ಸಂತೆಯ ಚೀಟಿಗೆ ಸಂಬಂಧಪಡಬಹುದೆಂದು ಮಾತ್ರ ಎಣಿಸಿರಲಿಲ್ಲ. ಗೃಹಸ್ಥರು ಶುಭಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದು, ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನಗಳ ಅಪ್ಪಣೆ ಕೊಡತಕ್ಕದ್ದು ಎಂದೂ ಆ ಪ್ರಕರಣದಲ್ಲಿದೆ. ಅರ್ಥಶಾಸ್ತ್ರವು ಧರ್ಮಶಾಸ್ತ್ರವಲ್ಲ, ನಿಜ. ಅಣ್ಣಯ್ಯನ ಪ್ರಶ್ನೆಗೆ ಅದರಿಂದ ಉತ್ತರ ದೊರೆಯಲಿಲ್ಲ. ಆದರೂ ಮದುವೆಮನೆಯ ಯಜಮಾನನ ಈ ಪೇಚಾಟವು ನನ್ನೊಬ್ಬನದಲ್ಲವೆಂಬ ಸಮಾಧಾನವಾಯಿತು.

ಮರುದಿನ ಬೆಳಿಗ್ಗೆ ನನ್ನ ಮನೆಯವರು ತರಕಾರಿ ಹೆಚ್ಚುತ್ತ ಕುಳಿತಿದ್ದಾಗ, "ರುಚಿ ನೋಡದೆ ಹೇಗೆ ಆರಿಸುವುದು?" ಎಂದು ನನ್ನ ಕಷ್ಟವನ್ನು ತೋಡಿಕೊಂಡೆನು.

"ನೈವೇದ್ಯವಾಗುವುದಕ್ಕೆ ಮುಂಚೆ ನಾನು ಯಾವ ದಿನ ಹುಳಿಯ ರುಚಿ ನೋಡಿದ್ದೇನೆ? ಉಪ್ಪು ಎಂದಾದರೂ ಹೆಚ್ಚುಕಡಮೆಯಾಗಿದೆಯೇ? ಅಳತೆ ಗೊತ್ತಿರಬೇಕು, ತಿನ್ನುವವರು ಯಾರೆಂದು ಗೊತ್ತಿರಬೇಕು" ಎಂದರು.

ಆ ಎರಡು ಮಾತುಗಳನ್ನೇ ಹಿಡಿದು ಹೊರಟೆನು. ಆರ್.ಟಿ. ನಗರದ ಅಂಗಡಿಯೊಂದರ ಮುಂದೆ ಎರಡು ಸಲ ಹಿಂದಕ್ಕೂ ಮುಂದಕ್ಕೂ ನಡೆದು, ಪರಿಚಯದವರು ಯಾರೂ ಇಲ್ಲವೆಂದು ದೃಢಮಾಡಿಕೊಂಡು ಒಳಹೊಕ್ಕೆನು. ಗಲ್ಲದ ಹಿಂದೆ ಕುಳಿತಿದ್ದವನು ಧಿಗ್ಗನೆದ್ದು ಕೈಕಟ್ಟಿ ನಿಂತನು. ಇಪ್ಪತ್ತು ವರ್ಷದ ಹಿಂದೆ ರಾಮಶಬ್ದವನ್ನು ತೃತೀಯಾ ವಿಭಕ್ತಿಯಿಂದ ಮುಂದಕ್ಕೆ ಎಂದೂ ದಾಟಿಸದಿದ್ದ ನನ್ನ ಶಿಷ್ಯನೇ ಅವನು! ಗಲ್ಲದ ಮೇಲಿನ ಗಾಜಿನ ಲೋಟವನ್ನು ಅವನು ಮರೆಮಾಡಿದ ರೀತಿಯನ್ನು ನೋಡಿದರೆ ನಾನು ತಪಾಸಣೆಗೆ ಬಂದ ಇನ್‌ಸ್ಪೆಕ್ಟರೋ ಎಂದು ತೋರುತ್ತಿತ್ತು. ವಿಷಯವನ್ನು ಕೇಳಿದ ಮೇಲೆ ಹುಡುಗನಿಗೆ ಧೈರ್ಯ ಬಂದಿತು. ಒಂದು ಮಣೆಯನ್ನು ಹಾಕಿಕೊಟ್ಟು, ಅರ್ಧ ಗಂಟೆ ನನಗೆ ಪಾಠ ಹೇಳಿದನು. ಅವನು ಒಳ್ಳೆಯ ಉಪಾಧ್ಯಾಯನಾಗುತ್ತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಅವನು ಮೊದಲು ಕೇಳಿದ್ದು ಹಣವನ್ನಲ್ಲ, ಊಟವನ್ನು. ನಮ್ಮದು ಸಸ್ಯಾಹಾರದ ಊಟ. ಖಾರ, ಹುಳಿ, ಮಸಾಲೆ ಉಂಟು. ಒಗರು ಹೆಚ್ಚಾದ ಕೆಂಪು ವೈನು ಮೆಣಸಿನಕಾಯಿಯ ಖಾರದೊಡನೆ ಬಾಯಲ್ಲಿ ಇನ್ನಷ್ಟು ಕಟುವಾಗುವುದಂತೆ. ಸ್ವಲ್ಪ ಸಿಹಿಯ ಎಳೆಯಿರುವ ಬಿಳಿಯದು, ಶೆನಿನ್ ಬ್ಲಾಂಕ್ ಎಂಬ ದ್ರಾಕ್ಷಿಯದು, ಹೊಂದುವುದಂತೆ. ಅಪರೂಪಕ್ಕೆ ಕುಡಿಯುವವರು ಮೃದುವಾದುದನ್ನು ಬಯಸುವರು; ಬಲ್ಲವರಿಗೆ ಸಿಹಿಯಿಲ್ಲದ ಕೆಂಪು, ಶಿರಾಜ್ ಜಾತಿಯದು, ಕೆಲವು ಸೀಸೆಗಳಿದ್ದರೆ ಸಾಕು. ನೊರೆಯುಕ್ಕುವ ಜಾತಿಯನ್ನು ಬಿಟ್ಟರೆ ಲೋಟವೆತ್ತುವುದಕ್ಕೆ ಯಾವ ಲೋಪವೂ ಇಲ್ಲ, ಹಣವೂ ಉಳಿಯುವುದು. ಹೊರದೇಶದ್ದಕ್ಕೆ ಸುಂಕದ ಭಾರವಿರುವುದರಿಂದ ಅದೇ ಬೆಲೆಗೆ ನಮ್ಮ ದೇಶದ್ದೇ ಗುಣದಲ್ಲಿ ಮೇಲು. "ಪೋರ್ಟ್ ಎಂದು ಬರೆದಿರುವ ಅಗ್ಗದ ಸಿಹಿ ವೈನೇ ಎಲ್ಲರಿಗೂ ವೈನು ಎಂದುಕೊಳ್ಳುತ್ತಾರೆ ಸಾರ್. ಮಂಗಳೂರಿನ ಹಿರಿಯರಿಗೆ ಅದು ಬೇಸರವಾಗುವುದಿಲ್ಲ; ಆದರೆ ಮದುವೆಗೆ ಬೇಡ" ಎಂದು ಸೇರಿಸಿದನು.

ಮೊಟ್ಟೆಯ ಸಂಗತಿಯನ್ನು ಎತ್ತಿದವನು ನಾನು. ಕೆಲವು ವೈನುಗಳನ್ನು ತಿಳಿಮಾಡುವುದಕ್ಕೆ ಮೊಟ್ಟೆಯ ಬಿಳಿಯನ್ನೋ ಮೀನಿನ ಅಂಗದಿಂದ ತೆಗೆದ ಅಂಟನ್ನೋ ಬಳಸುವುದುಂಟೆಂದು ಎಲ್ಲಿಯೋ ಓದಿದ್ದೆನು. ಒಂದು ಬಗೆಯ ಜೇಡಿಮಣ್ಣಿನಿಂದಲೂ ಅದೇ ಕೆಲಸ ಸಾಗುವುದು. ಕುಡಿಯುವವರು ನಾವಲ್ಲವಾದರೂ, ನಾನು ಹಣ ಕೊಟ್ಟು ತರುವುದರಲ್ಲಿ ಅದು ಇರಬಾರದೆಂದು ನನ್ನ ಹಟ. ಶಿಷ್ಯನು ತಯಾರಕರಿಗೇ ಬರೆದು ಕೇಳಿ, ಮಣ್ಣಿನಿಂದ ತಿಳಿಮಾಡಿದುದನ್ನೇ ಗೊತ್ತುಮಾಡಿಕೊಟ್ಟನು. ಅಣ್ಣಯ್ಯನಿಗೆ ಇದನ್ನು ತಿಳಿಸಿದಾಗ ಅವನು ನಕ್ಕದ್ದು, ಆ ತಿಂಗಳಲ್ಲಿ ನಕ್ಕದ್ದು ಅದೊಂದೇ ಸಲ.

ಒಂದು ವಿಷಯವನ್ನು ಮಾತ್ರ ನಾನು ಅಭಿಮಾನದಿಂದ ನಿಶ್ಚಯಿಸಿದೆನು: ತರುವುದಾದರೆ ನಮ್ಮ ಸೀಮೆಯದನ್ನೇ ತರಬೇಕು. ಯಲಹಂಕದಿಂದ ರಾಜಾನುಕುಂಟೆಯ ಮೇಲೆ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಇವೆಲ್ಲ ದ್ರಾಕ್ಷಿಯ ನೆಲ. ಒಂದೂವರೆ ನೂರು ವರ್ಷಗಳಿಂದ ಇಲ್ಲಿ ಬೆಳೆದುಬಂದ ಬೆಂಗಳೂರು ನೀಲಿ ದ್ರಾಕ್ಷಿಗೆ ೨೦೧೩ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ೨೦೦೮ರಲ್ಲಿ ವಿಮಾನನಿಲ್ದಾಣ ಬಂದ ಮೇಲೆ ಎಷ್ಟೋ ಚಪ್ಪರಗಳು ನಿವೇಶನಗಳಾಗಿಹೋದವು. ಆದರೂ ಉಳಿದಿರುವುದು ಕಡಮೆಯಲ್ಲ. ನಂದಿಯ ಬುಡದಲ್ಲಿ ಕನ್ವಲ್ ಗ್ರೋವರ್ ಎಂಬುವರು ಫ್ರಾನ್ಸಿನ ಜಾತಿಯ ಬಳ್ಳಿಗಳನ್ನು ತಂದು ನೆಡಿಸಿ, ೧೯೯೨ರಲ್ಲಿ ಮೊದಲ ವೈನನ್ನು ಹೊರಡಿಸಿದರು. ೨೦೦೭ರಲ್ಲಿ ರಾಜ್ಯ ಸರ್ಕಾರವು ಇದಕ್ಕಾಗಿಯೇ ನೀತಿಯೊಂದನ್ನು ರಚಿಸಿತು. ನಮಗೆ ಇನ್ನೂ ಸಮೀಪದ ಹೆಸರಘಟ್ಟದಲ್ಲಿರುವ ತೋಟಗಾರಿಕೆಯ ಸಂಶೋಧನಾಲಯದವರು ನೀಲಿ ದ್ರಾಕ್ಷಿಯನ್ನು ಕರಿ ಚಂಪಾದೊಡನೆ ಕೂಡಿಸಿ 'ಅರ್ಕಾ ಶ್ಯಾಮ'ವನ್ನು ಸೃಷ್ಟಿಸಿದ್ದಾರೆ. ವೈನಿಗೊದಗುವ ಇನ್ನೆರಡು ತಳಿಗಳಿಗೆ 'ಅರ್ಕಾ ಸೋಮ', 'ಅರ್ಕಾ ತೃಷ್ಣಾ' ಎಂದು ನಾಮಕರಣ ಮಾಡಿದ್ದಾರೆ. ಸೋಮ ಮತ್ತು ತೃಷ್ಣೆ! ಹೆಸರಿಟ್ಟ ವಿಜ್ಞಾನಿಗೆ ಸಂಸ್ಕೃತದ ಮೇಷ್ಟರೊಬ್ಬರು ಚೆನ್ನಾಗಿ ಪಾಠ ಹೇಳಿದ್ದಿರಬೇಕು.

ಇನ್ನು ಲೆಕ್ಕ. ಇದು ನನ್ನ ಸ್ವಂತ ಕ್ಷೇತ್ರ. ಸೀಸೆಯೊಂದಕ್ಕೆ ೭೫೦ ಮಿಲಿಲೀಟರು. ಸಂಜೆಗೆ ಬರುವವರು ನೂರ ನಲವತ್ತು. ಬೀಗಿತಿಯವರು ಮನೆಮನೆಯನ್ನೂ ನೆನೆದು, ತೆಗೆದುಕೊಳ್ಳುವವರು ಅರವತ್ತನಾಲ್ಕು ಮಂದಿಯೆಂದು ಹೇಳಿದರು. ಶುಭ ಕೋರುವುದಕ್ಕೆ ತಲೆಗೆ ೭೫ರಂತೆ ಒಂದು ಸೀಸೆಯಲ್ಲಿ ಹತ್ತು ಮಂದಿ. ಅಲ್ಲಿಗೆ ಏಳು ಸೀಸೆ. ಊಟದೊಡನೆ ೧೫೦ರ ಲೋಟ ಸರಾಸರಿ ಒಂದೂವರೆಯಂತೆ ಹಿಡಿದರೆ ಇಪ್ಪತ್ತು. ತ್ರೈರಾಶಿಕದಿಂದ ಬಂದ ಇಪ್ಪತ್ತೇಳಕ್ಕೆ, ಒಡೆದುಹೋಗುವುದಕ್ಕೆಂದು ಒಂದು. ಬಿಳಿಯದು ಹದಿನಾರು, ಒಂದಕ್ಕೆ ೬೪೦ ರೂಪಾಯಿ. ಕೆಂಪು ಹನ್ನೆರಡು, ಒಂದಕ್ಕೆ ೭೯೦. ಒಟ್ಟು ೧೯,೭೨೦ ರೂಪಾಯಿ. ಓಲಗದವರಿಗೆ ಕೊಟ್ಟದ್ದು ಇದಕ್ಕಿಂತ ಹೆಚ್ಚು. ಸಾಲದೆ ಬಂದರೆ ಎಂಬ ಭಯವೊಂದಿತ್ತು. ಗಲಿಲಾಯದ ಕಾನಾ ಎಂಬ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದುಹೋಗಿ, ಆರು ಕಲ್ಲಿನ ಬಾನೆಗಳ ನೀರೇ ರಸವಾಯಿತೆಂಬ ಯೋಹಾನನ ಸುವಾರ್ತೆಯ ಕಥೆಯನ್ನು ಬೀಗರು ನಗುತ್ತ ನನಗೆ ಹೇಳಿದ್ದರು. ಮುಗಿದುದನ್ನು ಮೊದಲು ಗಮನಿಸಿದವಳು ಯೇಸುವಿನ ತಾಯಿಯಂತೆ. ಮದುವೆಮನೆಯ ಮಾನ ಎಲ್ಲಿ ಸೋರುತ್ತಿದೆಯೆಂಬುದು ಹೆಂಗಸರಿಗೇ ಮೊದಲು ಕಾಣುವುದೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಬ್ಕಾರಿ ಇಲಾಖೆಯ ಅಪ್ಪಣೆಯನ್ನು ಯಾರೂ ಮರೆಯಬಾರದು. ಒಬ್ಬನು ತನ್ನ ಬಳಿ ಇಟ್ಟುಕೊಳ್ಳಬಹುದಾದ ಪ್ರಮಾಣಕ್ಕೆ ಮಿತಿಯುಂಟು. ಸಮಾರಂಭದಲ್ಲಿ ಹಂಚುವುದಕ್ಕೆ 'ಸಿ.ಎಲ್. ೫' ಎಂಬ ಸಂದರ್ಭದ ಲೈಸೆನ್ಸನ್ನು ಶುಲ್ಕ ಕಟ್ಟಿ ಪಡೆಯಬೇಕು. ಸಭಾಂಗಣದವರ ಒಪ್ಪಿಗೆಯನ್ನೂ ಮುಂಚೆಯೇ ಬರೆಸಿಕೊಳ್ಳಬೇಕು. ಎಷ್ಟೋ ಛತ್ರಗಳ ರಸೀತಿಯಲ್ಲಿಯೇ ನಿಷೇಧ ಅಚ್ಚಾಗಿರುತ್ತದೆ. ಬಿಳಿಯದನ್ನು ಚೆನ್ನಾಗಿ ತಣ್ಣಗಿಡಬೇಕು. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಕೆಂಪನ್ನೂ ಅರ್ಧ ಗಂಟೆ ತಂಪಿನಲ್ಲಿಡುವುದು ಲೇಸು. ಎಲ್ಲ ಸೀಸೆಗಳನ್ನೂ ಒಮ್ಮೆಗೇ ತೆರೆಯಗೊಡಬಾರದು. ಉಳಿದ ಎಪ್ಪತ್ತಾರು ಮಂದಿಗೆ, ಮಕ್ಕಳಿಗೆ ಮತ್ತು ನನಗೆ, ನೀಲಿ ದ್ರಾಕ್ಷಿಯನ್ನು ಹಿಂಡಿಸಿದ ಹುಳಿಯದ ರಸ. ಅದರ ಬಣ್ಣ ಕೆಂಪು ವೈನಿನದೇ. ಲೋಟವೆತ್ತುವಾಗ ಯಾರ ಕೈಯಲ್ಲಿ ಯಾವುದೆಂದು ಗೊತ್ತಾಗಲಿಲ್ಲ.

ಮದುವೆಯ ದಿನ ಅಣ್ಣಯ್ಯ ಮೊದಲ ಪಂಕ್ತಿಯಲ್ಲಿ ಕುಳಿತು, ಅಳಿಯನ ತಂದೆಯನ್ನು ಪಕ್ಕದ ಎಲೆಗೆ ಕರೆದು, ಹೋಳಿಗೆಗೆ ತುಪ್ಪವನ್ನು ಒತ್ತಾಯಮಾಡಿ ಹಾಕಿಸಿದನು. ಮಕ್ಕಳಿಬ್ಬರೂ ನಮಸ್ಕಾರ ಮಾಡಿದಾಗ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದದ ಮಂತ್ರವನ್ನು ಪೂರ್ತಿಯಾಗಿ ಹೇಳಿದನು. ನಾಲ್ಕು ಗಂಟೆಗೆ ತುಮಕೂರಿನ ಬಸ್ಸು ಹಿಡಿಯಬೇಕೆಂದು ಎದ್ದನು. ಯಶವಂತಪುರದವರೆಗೆ ಬಂಡಿಯಲ್ಲಿ ನಾನೇ ಬಿಡಲು ಹೋದೆನು. ಮಗಳು ಸಂಜೆಗೂ ಇರಬೇಕೆಂದು ಒಂದು ಸಲ ಕೇಳಿ, ಎರಡನೆಯ ಸಲ ಕೇಳಲಿಲ್ಲ. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವನು ತಿರುಗಿ, "ಎಷ್ಟು ಸೀಸೆ ತಂದಿದ್ದೀಯೆ?" ಎಂದು ಕೇಳಿದನು.

"ಇಪ್ಪತ್ತೆಂಟು, ಅಣ್ಣಯ್ಯ."

"ಸಾಲುತ್ತದೆಯೇನೋ? ಬಂದವರೆದುರಿಗೆ ಸಾಲದೆ ಹೋಗಬಾರದು" ಎಂದು ಹೇಳಿ ಒಳಗೆ ಹೋದನು.

ಸಾಲಿತು. ರಾತ್ರಿ ಹತ್ತು ಗಂಟೆಗೆ ಎಣಿಸಿದಾಗ ಬಿಳಿಯದು ಎರಡು, ಕೆಂಪು ಒಂದು ಮುಚ್ಚಿದಂತೆಯೇ ಉಳಿದಿದ್ದವು. ಲೈಸೆನ್ಸು ಅದೊಂದು ದಿನದ್ದಾದುದರಿಂದ ಅವುಗಳನ್ನು ಆಗಲೇ ಬೀಗರ ಮನೆಗೆ ಕಳುಹಿಸಿಕೊಟ್ಟೆನು. ನೀಲಿ ದ್ರಾಕ್ಷಿಯ ರಸ ಮಾತ್ರ ಒಂದು ಲೋಟವೂ ಉಳಿದಿರಲಿಲ್ಲ.